ಒಂದೂವರೆ ಎಂಎಲ್ ಇಂಜೆಕ್ಷನ್‌ನ ಹಿಂದಿನ ಐವತ್ತು ವರ್ಷ

ಮೂವತ್ತು ವಾರದ ಬಸುರಿ ನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದರೆ ಡ್ಯೂಟಿ ಡಾಕ್ಟರ್ ಬಾಯಿಂದ ಮೊದಲು ಬರುವ ಮಾತು, ‘ಸಿಸ್ಟರ್, ಡೆಕ್ಸಾ ಹಾಕಿ.’ ಡೆಕ್ಸಾ ಎಂದರೆ ಡೆಕ್ಸಮೆಥಾಸೋನ್, ದಿನ ತುಂಬದೆ ಹುಟ್ಟಲಿರುವ ಮಗುವಿನ ಶ್ವಾಸಕೋಶವನ್ನು ಬೇಗ ಬಲಿಸುವ ಸ್ಟೀರಾಯ್ಡ್. ಅದರ ವಯಲ್ 2 ಎಂಎಲ್‌ನದು, ಎಂಎಲ್‌ಗೆ 4 ಮಿಲಿಗ್ರಾಂ. ಬೇಕಾದದ್ದು 6 ಮಿಲಿಗ್ರಾಂ, ಅಂದರೆ 1.5 ಎಂಎಲ್. ಉಳಿದ ಅರ್ಧ ಎಂಎಲ್ ಚೆಲ್ಲಬೇಕು; ಯಾಕೆ ದಂಡ ಮಾಡುವುದೆಂದು ಇಡೀ ವಯಲ್ ಎಳೆದು 8 ಮಿಲಿಗ್ರಾಂ ಕೊಟ್ಟುಬಿಡುವವರೂ ಇದ್ದಾರೆ. 12 ಗಂಟೆಗೊಂದರಂತೆ 4 ಡೋಸ್, ಸ್ನಾಯುವಿಗೆ, ಒಟ್ಟು 24 ಮಿಲಿಗ್ರಾಂ. ಪ್ರಸೂತಿ ವಿಭಾಗದಲ್ಲಿ ಇಷ್ಟು ಅಗ್ಗದ, ಇಷ್ಟು ಕೆಲಸ ಮಾಡುವ ಔಷಧಗಳನ್ನು ಬೆರಳಲ್ಲಿ ಎಣಿಸಬಹುದು.

ಇದೇ ಗುಂಪಿನ ಸ್ಟೀರಾಯ್ಡ್ ಇಂಜೆಕ್ಷನ್ 1972ರಲ್ಲಿ ನ್ಯೂಜಿಲೆಂಡಿನಲ್ಲಿ ಶಿಶುಮರಣವನ್ನು ಐದನೇ ಒಂದು ಭಾಗಕ್ಕೆ ಇಳಿಸಿತೆಂದು ವರದಿಯಾಯಿತು. 2015ರಲ್ಲಿ ಆರು ದೇಶಗಳ ಹಳ್ಳಿಗಳಲ್ಲಿ, ಅದರಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿತ್ತು, ಇದನ್ನು ಹಂಚಿದಾಗ ಶಿಶುಮರಣ ಏರಿತೆಂದು ವರದಿಯಾಯಿತು. 2020ರಲ್ಲಿ ಮತ್ತೆ ಇಳಿಯಿತು. ಮೂರೂ ವರದಿ ಪ್ರಾಮಾಣಿಕವಾದವು, ಮೂರೂ ಸರಿ. ಪ್ರಸೂತಿ ಶಾಸ್ತ್ರದಲ್ಲಿ ಸಂಶೋಧನೆಯನ್ನೇ ವೃತ್ತಿಯಾಗಿ ಹಿಡಿಯಬೇಕೆಂದಿರುವ ಪಿಜಿ ವಿದ್ಯಾರ್ಥಿಗಳು ಓದಬೇಕಾದ ಪಾಠ ಈ ಮೂರು ವರದಿಗಳ ನಡುವೆಯೇ ಇದೆ.

ಕಥೆ ಶುರುವಾಗುವುದು ಗ್ರಹಾಂ ಲಿಗಿನ್ಸ್ ಎಂಬ ಪ್ರಸೂತಿ ತಜ್ಞನಿಂದ. ಪರಿಚಯದವರಿಗೆಲ್ಲ ಆತ ‘ಮಾಂಟ್’. ಹುಟ್ಟಿದ್ದು 1926ರಲ್ಲಿ, ನ್ಯೂಜಿಲೆಂಡಿನ ಥೇಮ್ಸ್ ಎಂಬ ಸಣ್ಣ ಊರಿನಲ್ಲಿ. ಓದಿದ್ದು ಒಟಾಗೊ ವಿಶ್ವವಿದ್ಯಾಲಯದಲ್ಲಿ. ಇಂಗ್ಲೆಂಡಿನಲ್ಲಿ ತರಬೇತಿ ಮುಗಿಸಿ ಆಕ್ಲೆಂಡಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆ ಸೇರಿದ. ಅಲ್ಲಿ ಆಗಲೇ ವಿಲಿಯಂ ಲೈಲಿ ಇದ್ದ. ಗರ್ಭದೊಳಗಿನ ಮಗುವಿಗೇ ರಕ್ತ ಕೊಡುವ ವಿಧಾನವನ್ನು 1963ರಲ್ಲಿ ಮೊದಲು ಮಾಡಿ ತೋರಿಸಿದವನು. ಸಂಶೋಧನೆಗೆ ವಿಷಯ ಆರಿಸುವುದು ಹೇಗೆಂದು ಲಿಗಿನ್ಸ್ ಕೇಳಿದ್ದಕ್ಕೆ ಲೈಲಿ ಕೊಟ್ಟ ಉತ್ತರದ ಸಾರ ಇಷ್ಟೆ: ಸಮಸ್ಯೆ ದೊಡ್ಡದಿರಬೇಕು, ಬಗೆಹರಿಯುವಂಥದ್ದೂ ಆಗಿರಬೇಕು. ಲಿಗಿನ್ಸ್ ಆರಿಸಿಕೊಂಡದ್ದು ದಿನ ತುಂಬದ ಹೆರಿಗೆ. ಕೇಳಿಕೊಂಡ ಪ್ರಶ್ನೆ: ಹೆರಿಗೆ ಶುರುವಾಗಲಿ ಎಂದು ತೀರ್ಮಾನಿಸುವುದು ಯಾರು, ತಾಯಿಯೋ ಮಗುವೋ?

ಆ ಕಾಲದಲ್ಲಿ ಹೆಚ್ಚಿನವರು ತಾಯಿಯೆಂದೇ ನಂಬಿದ್ದರು. ಲಿಗಿನ್ಸ್‌ಗೆ ಬೇರೆ ಸುಳಿವುಗಳಿದ್ದವು. ಅಮೆರಿಕದ ಐಡಾಹೊದಲ್ಲಿ ವೆರಾಟ್ರಮ್ ಎಂಬ ಕಾಡುಗಿಡ ಮೇಯ್ದ ಕುರಿಗಳಿಗೆ ಒಂಟಿಕಣ್ಣಿನ ಮರಿಗಳು ಹುಟ್ಟುತ್ತಿದ್ದವು. ಅಂಥ ಬಸುರಿಗಳು ದಿನ ಮೀರಿದರೂ ಈಯುತ್ತಿರಲಿಲ್ಲ. ಮರಿಗಳ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸರಿಯಾಗಿ ಬೆಳೆದಿರಲಿಲ್ಲ. ಹಾಗಿದ್ದರೆ ಹೆರಿಗೆ ಶುರುಮಾಡುವ ಸ್ವಿಚ್ ಮರಿಯ ತಲೆಯಲ್ಲೇ ಇರಬೇಕಲ್ಲ? ಪರೀಕ್ಷೆಯ ದಾರಿ ಸುಲಭದ್ದಲ್ಲ. ಬಸುರಿ ಕುರಿಗೆ ಅರಿವಳಿಕೆ ಕೊಟ್ಟು, ಗರ್ಭಕೋಶ ತೆರೆದು, ಮರಿಯ ತಲೆಬುರುಡೆಯ ಮೂಲಕ ಎಲೆಕ್ಟ್ರೋಡ್ ಇಳಿಸಿ ಪಿಟ್ಯುಟರಿಯನ್ನು ಸುಡಬೇಕು; ಮತ್ತೆ ಎಲ್ಲವನ್ನೂ ಹೊಲಿದು, ಗರ್ಭ ನಿಲ್ಲುವಂತೆ ನೋಡಿಕೊಳ್ಳಬೇಕು. ಗ್ರಂಥಿಯ ಬಹುಪಾಲು ಸುಟ್ಟ ಮರಿಗಳ ತಾಯಂದಿರು ಈಯಲೇ ಇಲ್ಲ. ತದ್ವಿರುದ್ಧವಾಗಿ, ಮರಿಗೆ ಪಿಟ್ಯುಟರಿ ಸುರಿಸುವ ಎಸಿಟಿಎಚ್ ಹಾರ್ಮೋನನ್ನೋ, ಅದರಿಂದ ಹೆಚ್ಚುವ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹಾರ್ಮೋನನ್ನೋ ಸಣ್ಣ ನಳಿಕೆಯಲ್ಲಿ ಹರಿಸಿದರೆ ಕೆಲವೇ ದಿನಗಳಲ್ಲಿ ಅವಧಿಗೆ ಮುಂಚೆ ಹೆರಿಗೆ. ಕುರಿಯ ಮಟ್ಟಿಗೆ ಉತ್ತರ ಸಿಕ್ಕಿತು: ಮರಿಯೇ.

ಮನುಷ್ಯರಲ್ಲಿ ಹಾಗಲ್ಲ. ಕಾರ್ಟಿಸಾಲ್ ಕೊಟ್ಟರೆ ಹೆಣ್ಣುಮಕ್ಕಳಿಗೆ ಹೆರಿಗೆ ನೋವು ಶುರುವಾಗುವುದಿಲ್ಲ. ಲಿಗಿನ್ಸ್ ಹೊರಟ ಪ್ರಶ್ನೆಯ ಉತ್ತರ ಪ್ರಸೂತಿ ಕೊಠಡಿಗೆ ಬರಲೇ ಇಲ್ಲ; ಬಂದದ್ದು ಪಕ್ಕದಲ್ಲಿ ಬಿದ್ದಿದ್ದ ಒಂದು ಗಮನಿಕೆ. ಕಾರ್ಟಿಸಾಲ್‌ನ ಸೋದರ ಔಷಧವೊಂದನ್ನು ಪಡೆದು 117ನೇ ದಿನಕ್ಕೇ ಹುಟ್ಟಿದ ಮರಿಯೊಂದು ಸತ್ತಿರಬೇಕಿತ್ತು, ಉಸಿರಾಡುತ್ತಿತ್ತು. ಕುರಿಯ ಗರ್ಭಾವಧಿ ಸುಮಾರು 150 ದಿನ. 117ರಲ್ಲಿ ಶ್ವಾಸಕೋಶ ಗಾಳಿಯೇ ತುಂಬದ ಗಟ್ಟಿ ಮಾಂಸದ ಹಾಗಿರುತ್ತದೆ. ಮರಣೋತ್ತರ ಪರೀಕ್ಷೆಯಲ್ಲಿ ನೋಡಿದರೆ ಶ್ವಾಸಕೋಶದ ಭಾಗಗಳು ಅರಳಿದ್ದವು. ಇದನ್ನು ಲಿಗಿನ್ಸ್ 1969ರಲ್ಲಿ ಎಂಡೊಕ್ರೈನಾಲಜಿ ಪತ್ರಿಕೆಯೊಂದರ ಲೇಖನದಲ್ಲಿ ಬರೆದ. ಸ್ಟೀರಾಯ್ಡ್ ಶ್ವಾಸಕೋಶದ ಕಿಣ್ವಗಳನ್ನು ಬೇಗ ಎಬ್ಬಿಸಿರಬಹುದು ಎಂದು ಊಹಿಸಿದ.

ಆ ಊಹೆಗೆ ನೆಲ ಹತ್ತು ವರ್ಷ ಮುಂಚೆಯೇ ಸಿದ್ಧವಾಗಿತ್ತು. 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದ್ದು ಇದು: ದಿನ ತುಂಬದ ಮಕ್ಕಳು ಉಸಿರು ಕಟ್ಟಿ ಸಾಯುವುದು ಶ್ವಾಸಕೋಶದಲ್ಲಿ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಪದರ ಇಲ್ಲದ್ದರಿಂದ. ಆ ಪದರ ಇಲ್ಲದಿದ್ದರೆ ಗಾಳಿಗೂಡುಗಳು ಪ್ರತಿ ಸಲ ಉಸಿರು ಬಿಟ್ಟಾಗಲೂ, ಒದ್ದೆಯಾದ ಪ್ಲಾಸ್ಟಿಕ್ ಕವರಿನ ಎರಡು ಪದರಗಳಂತೆ, ಅಂಟಿಕೊಂಡುಬಿಡುತ್ತವೆ. ಪ್ರತಿ ಉಸಿರಿಗೂ ಮೊದಲ ಉಸಿರಿನಷ್ಟೇ ಬಲ ಬೇಕು. ಮಗು ನರಳುತ್ತದೆ, ಪಕ್ಕೆ ಒಳಗೆ ಎಳೆಯುತ್ತದೆ, ದಣಿಯುತ್ತದೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಸುಮಾರು 34 ವಾರಕ್ಕೆ ಹುಟ್ಟಿ 39 ಗಂಟೆಗಳಲ್ಲಿ ತೀರಿಕೊಂಡದ್ದು ಇದೇ ಕಾಯಿಲೆಯಿಂದ. ದುಡ್ಡಿಗಾಗಲಿ ಅಧಿಕಾರಕ್ಕಾಗಲಿ ಕೊಳ್ಳಲು ಆಗ ಚಿಕಿತ್ಸೆಯೇ ಇರಲಿಲ್ಲ.

ಇಲ್ಲಿಂದ ಮುಂದಿನ ಹೆಜ್ಜೆಯಲ್ಲಿ ಬಹಳ ಸಂಶೋಧಕರು ಎಡವುತ್ತಾರೆ. ಕುರಿಯಲ್ಲಿ ಫಲ ಕಂಡ ಮೇಲೆ ‘ನಮ್ಮ ವಾರ್ಡಿನಲ್ಲೂ ಕೊಟ್ಟು ನೋಡೋಣ’ ಎಂದು ಇಪ್ಪತ್ತು ಬಸುರಿಯರಿಗೆ ಕೊಟ್ಟು, ‘ಚೆನ್ನಾಗಿದೆ’ ಎಂದು ಬರೆದು ಮುಗಿಸಬಹುದಿತ್ತು. ಮಕ್ಕಳ ತಜ್ಞ ರಾಸ್ ಹೋವಿ ಜೊತೆಗಿದ್ದರಿಂದ ಅದು ಹಾಗಾಗಲಿಲ್ಲ. 1969ರ ಡಿಸೆಂಬರ್‌ನಲ್ಲಿ ಶುರುವಾದದ್ದು ಚೀಟಿ ಎತ್ತಿದಂತೆ ಗುಂಪು ಹಂಚುವ, ಯಾರಿಗೆ ಯಾವುದು ಎಂದು ತಾಯಿಗೂ ಗೊತ್ತಿಲ್ಲದ, ಡಾಕ್ಟರಿಗೂ ಗೊತ್ತಿಲ್ಲದ ಪ್ರಯೋಗ. ಒಂದು ಗುಂಪಿಗೆ ಡೆಕ್ಸಮೆಥಾಸೋನ್‌ನ ಸೋದರ ಬೀಟಾಮೆಥಾಸೋನ್: 6 ಮಿಲಿಗ್ರಾಂ ಫಾಸ್ಫೇಟ್, 6 ಮಿಲಿಗ್ರಾಂ ಅಸಿಟೇಟ್, ಒಟ್ಟು 12, 24 ಗಂಟೆ ಬಿಟ್ಟು ಇನ್ನೊಮ್ಮೆ. ಫಾಸ್ಫೇಟ್ ಬೇಗ ರಕ್ತಕ್ಕೆ ಸೇರುತ್ತದೆ, ಅಸಿಟೇಟ್ ನಿಧಾನವಾಗಿ ಕರಗುತ್ತದೆ. ಹಾಗಾಗಿ ದಿನಕ್ಕೊಂದೇ ಸೂಜಿ ಸಾಕು. ಅಸಿಟೇಟ್ ಇರುವ ದ್ರವ ಮಬ್ಬಾಗಿರುತ್ತದೆ. ಎದುರಿನ ಗುಂಪಿಗೆ ತಿಳಿನೀರು ಕೊಟ್ಟರೆ ಸಿರಿಂಜ್ ನೋಡಿದವರಿಗೆ ಗುಟ್ಟು ರಟ್ಟು. ಅವರಿಗೆ ಕೊಟ್ಟದ್ದು 6 ಮಿಲಿಗ್ರಾಂ ಕಾರ್ಟಿಸೋನ್ ಅಸಿಟೇಟ್. ನೋಟಕ್ಕೆ ಅದೇ ತರ, ಬಲದಲ್ಲಿ ಸುಮಾರು 70ನೇ ಒಂದು ಭಾಗ. ಪ್ಲಸೀಬೊ (ಹೋಲಿಕೆಗೆಂದು ಕೊಡುವ ಹುಸಿ ಔಷಧ) ಎಂದರೆ ಉಪ್ಪುನೀರು ಎಂದುಕೊಂಡಿರುವವರು ಈ ವಿವರವನ್ನು ಗುರುತು ಹಾಕಿಕೊಳ್ಳಬೇಕು.

ಮೊದಲ 282 ತಾಯಂದಿರ ಫಲಿತಾಂಶ 1972ರಲ್ಲಿ ಪ್ರಕಟವಾಯಿತು. ತಾನಾಗಿ ಹೆರಿಗೆ ನೋವು ಬಂದವರಲ್ಲಿ, ಹುಟ್ಟಿದ ಕೆಲ ದಿನಗಳಲ್ಲೇ ತೀರಿಕೊಂಡ ಮಕ್ಕಳು ಔಷಧ ಪಡೆದ ಗುಂಪಿನಲ್ಲಿ 3.2%, ಎದುರು ಗುಂಪಿನಲ್ಲಿ 15%. ಉಸಿರಾಟದ ತೊಂದರೆ 9% ಮತ್ತು 25.8%. ಅದೇ ಪುಟದಲ್ಲಿ ಇನ್ನೊಂದು ವಾಕ್ಯವಿದೆ, ಅದನ್ನು ಓದುವವರು ಕಡಿಮೆ: ಲಾಭ ಕಂಡದ್ದು 32 ವಾರಕ್ಕಿಂತ ಕಡಿಮೆಯವರಲ್ಲಿ, ಅದೂ ಮೊದಲ ಸೂಜಿಯಾಗಿ 24 ಗಂಟೆ ಕಳೆದ ಮೇಲೆ ಹೆತ್ತವರಲ್ಲಿ. ಅವರಲ್ಲಿ ಉಸಿರಾಟದ ತೊಂದರೆ 69.6% ಇದ್ದದ್ದು 11.8%ಕ್ಕೆ ಬಿತ್ತು. ವಾರ ಎಷ್ಟು, ಗಂಟೆ ಎಷ್ಟು: ಈ ಎರಡು ಲೆಕ್ಕ ಮೊದಲ ದಿನದಿಂದಲೇ ಔಷಧದ ಜೊತೆಗಿವೆ. ಮುಂದಿನ ನಲವತ್ತು ವರ್ಷಗಳಲ್ಲಿ ಆದ ಎಡವಟ್ಟುಗಳಲ್ಲಿ ಬಹುಪಾಲು ಈ ಎರಡನ್ನು ಮರೆತದ್ದರ ಫಲ.

ಪ್ರಯೋಗ 1974ರವರೆಗೆ ನಡೆದು 1,142 ತಾಯಂದಿರನ್ನು ಸೇರಿಸಿಕೊಂಡಿತು. 717 ಜನ ಆದ ಮೇಲೆ ಡೋಸನ್ನು ಇಮ್ಮಡಿ ಮಾಡಿದರು. ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಇಷ್ಟು ಸ್ಪಷ್ಟವಾಗಿದ್ದ ಮೇಲೆ ಜಗತ್ತು ಮರುವರ್ಷವೇ ಕೈಗೆತ್ತಿಕೊಳ್ಳಬೇಕಿತ್ತು. ಇಪ್ಪತ್ತು ವರ್ಷ ಹಿಡಿಯಿತು. ಕಾರಣಗಳು ಮೂರ್ಖತನದ್ದಲ್ಲ. 1971ರಲ್ಲಷ್ಟೇ ಡಿಇಎಸ್ ಹಾರ್ಮೋನ್ ಪಡೆದ ತಾಯಂದಿರ ಹೆಣ್ಣುಮಕ್ಕಳಿಗೆ ಯೌವನದಲ್ಲಿ ಯೋನಿಯ ಕ್ಯಾನ್ಸರ್ ಬರುವುದು ಗೊತ್ತಾಗಿತ್ತು. ಗರ್ಭಿಣಿಗೆ ಹಾರ್ಮೋನ್ ಎಂದರೆ ಡಾಕ್ಟರುಗಳೇ ಬೆಚ್ಚುತ್ತಿದ್ದರು. ನೀರು ಹೋದವರಿಗೆ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಹೆಚ್ಚೀತೆಂಬ ಭಯ. ಬಿಪಿ ತೀವ್ರವಾಗಿರುವವರಲ್ಲಿ ಹೊಟ್ಟೆಯಲ್ಲೇ ಮಗು ಹೋಗುವ ಅಪಾಯ ಹೆಚ್ಚಿರಬಹುದೆಂದು 1972ರ ಲೇಖನವೇ ಎಚ್ಚರಿಸಿತ್ತು. ಸಣ್ಣ ಸಂಖ್ಯೆಯ ಆ ಎಚ್ಚರಿಕೆ ಮುಂದಿನ ಅಧ್ಯಯನಗಳಲ್ಲಿ ನಿಲ್ಲಲಿಲ್ಲ, ಆದರೆ ಪಠ್ಯಪುಸ್ತಕಗಳಲ್ಲಿ ನಿಂತುಬಿಟ್ಟಿತು. ನಂತರದ ಪ್ರಯೋಗಗಳು ಚಿಕ್ಕವು. ಒಂದೊಂದನ್ನೇ ಓದಿದರೆ ‘ಖಚಿತವಿಲ್ಲ’ ಎಂದೇ ಕಾಣುತ್ತಿತ್ತು. ಡಬ್ಲಿನ್‌ನ ಪೆಟ್ರೀಷಿಯಾ ಕ್ರೌಲಿ ಅವೆಲ್ಲವನ್ನೂ ಒಟ್ಟುಗೂಡಿಸಿ ಲೆಕ್ಕ ಹಾಕಿ 1990ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. 1979ರಲ್ಲಿ ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರನ್ ಪ್ರಸೂತಿ ಶಾಸ್ತ್ರಕ್ಕೆ, ಪುರಾವೆಯನ್ನು ಅತಿ ಕಡಿಮೆ ಬಳಸುವ ವಿಭಾಗವೆಂದು ‘ಮರದ ಚಮಚ’ದ ಬಹುಮಾನ ಕೊಟ್ಟಿದ್ದ. 1993ರಲ್ಲಿ ಅವನ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಯ ಲಾಂಛನದಲ್ಲಿರುವ ಅಡ್ಡಗೆರೆಗಳು ಇದೇ ಸ್ಟೀರಾಯ್ಡ್ ಪ್ರಯೋಗಗಳವು. 1994ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಶಿಫಾರಸು ಮಾಡಿತು. ಅಷ್ಟರವರೆಗೆ ಅಲ್ಲಿ ಒಂದೂವರೆ ಕಿಲೋ ಒಳಗಿನ ಮಕ್ಕಳ ತಾಯಂದಿರಲ್ಲಿ ಇದು ಸಿಗುತ್ತಿದ್ದದ್ದು 12ರಿಂದ 18% ಜನರಿಗೆ ಮಾತ್ರ.

ಡಿಇಎಸ್ ಭಯಕ್ಕೆ ಉತ್ತರ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. ಮೊದಲ ಪ್ರಯೋಗದ ಮಕ್ಕಳಲ್ಲಿ 534 ಜನರನ್ನು 30ನೇ ವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ವರದಿ 2005ರಲ್ಲಿ ಬಂತು. ಬಿಪಿ, ಕೊಬ್ಬು, ಹೃದಯದ ಕಾಯಿಲೆ ಯಾವುದರಲ್ಲೂ ವ್ಯತ್ಯಾಸವಿಲ್ಲ. ಗ್ಲೂಕೋಸ್ ಕುಡಿಸಿ ನೋಡಿದಾಗ ಇನ್ಸುಲಿನ್ ಪ್ರಮಾಣ ತುಸು ಹೆಚ್ಚು. ಮೂವತ್ತು ವರ್ಷದ ನಂತರ ಹುಡುಕಲು ಸಾಧ್ಯವಾದದ್ದು 1969ರಲ್ಲಿ ಯಾರೋ ರಿಜಿಸ್ಟರನ್ನು ಅಚ್ಚುಕಟ್ಟಾಗಿ ಬರೆದು ಕಪಾಟಿನಲ್ಲಿಟ್ಟಿದ್ದರಿಂದ.

ಅದೇ ಆಸ್ಪತ್ರೆಯ ಇನ್ನೊಂದು ಕಥೆಯನ್ನು ಇಲ್ಲಿ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. 1966ರಿಂದ ಹರ್ಬರ್ಟ್ ಗ್ರೀನ್ ಎಂಬ ತಜ್ಞ, ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಪೂರ್ವ ಸ್ಥಿತಿಯಲ್ಲಿದ್ದ ಹೆಂಗಸರನ್ನು ಪೂರ್ಣ ಚಿಕಿತ್ಸೆ ಕೊಡದೆ ಬರೀ ಗಮನಿಸುತ್ತಾ ಹೋದ. ಅದು ಕ್ಯಾನ್ಸರಿಗೆ ತಿರುಗುವುದಿಲ್ಲ ಎಂಬುದು ಆತನ ನಂಬಿಕೆ. ಆ ಹೆಂಗಸರಿಗೆ ತಾವು ಅಧ್ಯಯನದಲ್ಲಿದ್ದೇವೆಂದೇ ಗೊತ್ತಿರಲಿಲ್ಲ. ಹಲವರಿಗೆ ಕ್ಯಾನ್ಸರ್ ಬಂತು, ಕೆಲವರು ಸತ್ತರು. 1987ರಲ್ಲಿ ಪತ್ರಿಕೆಯೊಂದು ಬಯಲಿಗೆಳೆದು, ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ವಿಚಾರಣೆ ನಡೆಸಿ, 1988ರಲ್ಲಿ ವರದಿ ಕೊಟ್ಟ ಮೇಲೆ ನ್ಯೂಜಿಲೆಂಡಿನ ಇಡೀ ಸಂಶೋಧನಾ ನಿಯಮವೇ ಬದಲಾಯಿತು. ಒಂದೇ ಕಟ್ಟಡ, ಒಂದೇ ದಶಕ. ಒಬ್ಬ ತನ್ನ ಊಹೆ ಸುಳ್ಳಾಗಲು ಅವಕಾಶವಿರುವ ಪ್ರಯೋಗ ಕಟ್ಟಿದ. ಇನ್ನೊಬ್ಬನಿಗೆ ಉತ್ತರ ಮೊದಲೇ ಗೊತ್ತಿತ್ತು. ಎಥಿಕ್ಸ್ ಕಮಿಟಿಯ ಅರ್ಜಿ ತುಂಬುವಾಗ ಗೊಣಗುವ ಪಿಜಿಗಳಿಗೆ ಇದನ್ನು ಹೇಳಬೇಕಾಗುತ್ತದೆ.

ಲಿಗಿನ್ಸ್ ಅಲ್ಲಿಗೇ ನಿಲ್ಲಲಿಲ್ಲ. ಗರ್ಭದ ಶರೀರಕ್ರಿಯೆಯ ಬೆನ್ನುಹತ್ತಿ ಅಂಟಾರ್ಕ್ಟಿಕಾಕ್ಕೂ ಹೋಗಿ ವೆಡೆಲ್ ಸೀಲ್‌ಗಳ ಮೇಲೆ ಕೆಲಸ ಮಾಡಿದ. ತಾಯಿ ಸೀಲ್ ನೀರಿನಡಿ ಉಸಿರು ಹಿಡಿದಾಗ ಹೊಟ್ಟೆಯ ಮರಿಗೆ ಏನಾಗುತ್ತದೆ ಎಂಬ ಪ್ರಶ್ನೆ. 1980ರಲ್ಲಿ ರಾಯಲ್ ಸೊಸೈಟಿಯ ಫೆಲೋ, 1991ರಲ್ಲಿ ‘ಸರ್’, 2010ರಲ್ಲಿ ನಿಧನ.

ಈಗ ಬೆಳಗಾವಿ. ಅಲ್ಲಿನ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ತಂಡ ಹಳ್ಳಿಗಳಲ್ಲಿ ಪ್ರಯೋಗ ನಡೆಸುವುದರಲ್ಲಿ ಪಳಗಿದ್ದು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ 600 ಮೈಕ್ರೊಗ್ರಾಂ ಮಾತ್ರೆಯನ್ನು ಎಎನ್‌ಎಂಗಳ (ಹಳ್ಳಿಯ ಸಹಾಯಕ ನರ್ಸ್-ಸೂಲಗಿತ್ತಿಯರ) ಕೈಯಿಂದ ನುಂಗಿಸಿದರೆ ಅತಿ ರಕ್ತಸ್ರಾವ 12%ರಿಂದ 6.4%ಕ್ಕೆ ಇಳಿಯುತ್ತದೆಂದು 1,620 ಹೆಂಗಸರಲ್ಲಿ ತೋರಿಸಿ 2006ರಲ್ಲಿ ಲಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಅವರೇ. ಸ್ಟೀರಾಯ್ಡನ್ನು ಹಳ್ಳಿಗೆ ಒಯ್ಯುವ ದೊಡ್ಡ ಪ್ರಯೋಗ 2011ರಲ್ಲಿ ಶುರುವಾದಾಗ ಭಾರತದ ಪಾಲಿಗೆ ಬೆಳಗಾವಿ ಮತ್ತು ನಾಗಪುರ ಇದ್ದವು. ಜೊತೆಗೆ ಅರ್ಜೆಂಟೀನಾ, ಗ್ವಾಟೆಮಾಲಾ, ಕೆನ್ಯಾ, ಪಾಕಿಸ್ತಾನ, ಜಾಂಬಿಯಾ. ಸುಮಾರು ಒಂದು ಲಕ್ಷ ಹೆರಿಗೆ.

ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ದಿನ ತುಂಬದೆ ಹೆರುವ ಲಕ್ಷಣವಿರುವವರನ್ನು ಗುರುತಿಸಲು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ, 6 ಮಿಲಿಗ್ರಾಂನ ನಾಲ್ಕು ಡೋಸ್ ಇರುವ ಕಿಟ್, ಮತ್ತು ಕಡೆಯ ಮುಟ್ಟಿನ ದಿನ ಗೊತ್ತಿಲ್ಲದವರ ಹೊಟ್ಟೆ ಅಳೆಯಲು ಬಣ್ಣ ಬಳಿದ ಟೇಪು. ಗರ್ಭಕೋಶದ ಎತ್ತರ ಯಾವ ಬಣ್ಣದಲ್ಲಿ ನಿಲ್ಲುತ್ತದೋ ಅದರಂತೆ ಕೊಡಬೇಕೋ ಬೇಡವೋ ಎಂಬ ತೀರ್ಮಾನ.

ಆ ಟೇಪನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದು ಅಳೆಯುವುದು ಸೆಂಟಿಮೀಟರನ್ನು, ವಾರವನ್ನಲ್ಲ. ಕಿಬ್ಬೊಟ್ಟೆಯ ಕೆಳಗಿನ ಮೂಳೆಯಿಂದ ಗರ್ಭಕೋಶದ ನೆತ್ತಿಯವರೆಗೆ 32 ಸೆಂಟಿಮೀಟರ್ ಬಂದರೆ 32 ವಾರ ಇರಬಹುದು. 37 ವಾರದ ಸಣಕಲು ಮಗುವೂ ಇರಬಹುದು. ನೀರು ಹೋಗಿ ಹೊಟ್ಟೆ ಇಳಿದಿರಬಹುದು. ತಲೆ ಕೆಳಗೆ ಕೂತಿರಬಹುದು. ನಮ್ಮಲ್ಲಿ ದಿನ ತುಂಬಿಯೂ ತೂಕ ಕಡಿಮೆ ಇರುವ ಮಕ್ಕಳು ಬಹಳ. ಟೇಪು ಅವರೆಲ್ಲರನ್ನೂ ಒಂದೇ ಬಣ್ಣದಲ್ಲಿ ನಿಲ್ಲಿಸುತ್ತದೆ. ವಾರಗಳ ಲೆಕ್ಕ ನಂಬುವಂತಿಲ್ಲವೆಂದು ಸಂಶೋಧಕರಿಗೂ ಗೊತ್ತಿತ್ತು. ಹಾಗೆಂದೇ ಅವರು ಫಲಿತಾಂಶವನ್ನು ವಾರದ ಬದಲು ತೂಕದಲ್ಲಿ ಅಳೆದರು, ತೂಕದಲ್ಲಿ ಅತಿ ಕೆಳಗಿನ 5% ಮಕ್ಕಳನ್ನು ಹಿಡಿದು.

2015ರಲ್ಲಿ ಬಂದ ಫಲಿತಾಂಶ: ಯೋಜನೆಯಿದ್ದ ಕಡೆ ಆ ಸಣ್ಣ ಮಕ್ಕಳ ತಾಯಂದಿರಲ್ಲಿ 45% ಜನರಿಗೆ ಸ್ಟೀರಾಯ್ಡ್ ತಲುಪಿತ್ತು, ಇಲ್ಲದ ಕಡೆ 10%. ತಲುಪಿಸುವ ಕೆಲಸವೇನೋ ಗೆದ್ದಿತು. ಆದರೆ ಸಣ್ಣ ಮಕ್ಕಳ ಸಾವು ಇಳಿಯಲಿಲ್ಲ. ಎಲ್ಲ ಮಕ್ಕಳನ್ನೂ ಸೇರಿಸಿ ನೋಡಿದರೆ 28 ದಿನದೊಳಗಿನ ಸಾವು ಸಾವಿರಕ್ಕೆ 23.9 ಇದ್ದಲ್ಲಿ 27.4. ಸಾವಿರಕ್ಕೆ ಮೂರೂವರೆ ಮಕ್ಕಳು ಹೆಚ್ಚು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚು.

ಔಷಧ ಅದೇ ಗುಂಪಿನದು, ಒಟ್ಟು ಡೋಸ್ ಅದೇ. ಬದಲಾದದ್ದು ಸುತ್ತಲಿನದು. ಸೂಜಿ ಪಡೆದವರಲ್ಲಿ ಹೆಚ್ಚಿನವರು ದಿನ ತುಂಬಿಯೇ ಹೆತ್ತರು ಅಥವಾ ಅವರ ಮಕ್ಕಳು ಅಷ್ಟೇನೂ ಸಣ್ಣವಿರಲಿಲ್ಲ. ಅವರಿಗೆ ಲಾಭವಿಲ್ಲ, ಅಪಾಯ ಮಾತ್ರ ಪಾಲಿಗೆ. ಬಹಳ ಬೇಗ ಹುಟ್ಟಿದ ಮಗುವಿಗೆ ಸ್ಟೀರಾಯ್ಡ್ ಕೊಟ್ಟರೂ ಆಮೇಲೆ ಬೆಚ್ಚಗಿಡಲು, ಉಸಿರಿಗೆ ಆಸರೆ ಕೊಡಲು, ಸೋಂಕು ತಡೆಯಲು ಒಂದು ಘಟಕ ಬೇಕು. ಆಕ್ಲೆಂಡಿನಲ್ಲಿ ಅದಿತ್ತು. ಶ್ವಾಸಕೋಶ ಬಲಿತ ಮಗು ಮನೆಯ ಮೂಲೆಯಲ್ಲಿ ತಣ್ಣಗಾಗಿ ಸಾಯುವುದನ್ನು ಸ್ಟೀರಾಯ್ಡ್ ತಡೆಯಲಾರದು.

ಆಗ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ್ದು ಮೆಚ್ಚಬೇಕಾದ ಕೆಲಸ. ನಲವತ್ತು ವರ್ಷದಿಂದ ‘ಸಾಬೀತಾಗಿದೆ’ ಎಂದು ಎಲ್ಲರೂ ಹೇಳುತ್ತಿದ್ದ ಔಷಧವನ್ನು ಮತ್ತೆ ಪ್ಲಸೀಬೊ ಎದುರು ನಿಲ್ಲಿಸಿತು. ಬಾಂಗ್ಲಾದೇಶ, ಭಾರತ, ಕೆನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆ. 2017ರ ಡಿಸೆಂಬರ್‌ನಿಂದ 2019ರ ನವೆಂಬರ್‌ವರೆಗೆ 2,852 ತಾಯಂದಿರು. ಬೆಳಗಾವಿ ಈ ಬಾರಿಯೂ ಇತ್ತು. ಸೇರಿಸಿಕೊಳ್ಳುವ ನಿಯಮ ಬಿಗಿ: 26 ವಾರದಿಂದ 33 ವಾರ 6 ದಿನದೊಳಗೆ, ವಾರದ ಲೆಕ್ಕಕ್ಕೆ ಸ್ಕ್ಯಾನ್ ಆಧಾರ, ಹೆರಿಗೆ ಹತ್ತಿರವಿದೆಯೆಂಬ ಖಾತ್ರಿ, ಸೋಂಕಿನ ಲಕ್ಷಣವಿಲ್ಲ, ಮಕ್ಕಳ ಆರೈಕೆ ಘಟಕವಿರುವ ಆಸ್ಪತ್ರೆ. ಶಿಶುಮರಣ 23.5% ಇದ್ದದ್ದು 19.6% ಆಯಿತು. ಲಾಭ ಖಚಿತವೆಂದು ನಡುವೆಯೇ ನಿಲ್ಲಿಸಿದರು. ಸುಮಾರು 25 ತಾಯಂದಿರಿಗೆ ಕೊಟ್ಟರೆ ಒಂದು ಮಗು ಉಳಿಯುತ್ತದೆ. ತಾಯಂದಿರ ಸೋಂಕು ಹೆಚ್ಚಲಿಲ್ಲ: 4.8% ಮತ್ತು 6.3%, ಔಷಧ ಪಡೆದವರಲ್ಲೇ ಕಡಿಮೆ.

ಇಂಥ ಪ್ರಯೋಗದ ನಿತ್ಯದ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ನೋವಿನಲ್ಲಿರುವ ಹೆಂಗಸಿಗೆ ಒಪ್ಪಿಗೆ ಪತ್ರವನ್ನು ಅವಳ ಭಾಷೆಯಲ್ಲಿ ಓದಿ ಹೇಳಬೇಕು. ಗಡಿ ಜಿಲ್ಲೆಯಲ್ಲಿ ಒಂದೇ ವಾರ್ಡಿಗೆ ಕನ್ನಡದ ಪ್ರತಿಯೂ ಬೇಕು, ಮರಾಠಿಯ ಪ್ರತಿಯೂ ಬೇಕು. ಅತ್ತೆ ಬೇಡವೆಂದರೆ ಸೊಸೆ ಒಪ್ಪುವುದಿಲ್ಲ. ರಾತ್ರಿ ಎರಡು ಗಂಟೆಗೆ ಮೊದಲ ಡೋಸ್ ಆದರೆ ಮಧ್ಯಾಹ್ನ ಎರಡಕ್ಕೆ ಎರಡನೆಯದು; ಅಷ್ಟರಲ್ಲಿ ಡ್ಯೂಟಿ ಬದಲಾಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ತಲೆನೋವು 28ನೇ ದಿನದ ವಿಚಾರಣೆ. ನಮ್ಮಲ್ಲಿ ಬಾಣಂತನಕ್ಕೆ ತವರಿಗೆ ಹೋಗುತ್ತಾರೆ. ಫಾರಂನಲ್ಲಿರುವ ವಿಳಾಸ ಗಂಡನ ಮನೆಯದು, ಫೋನ್ ನಂಬರು ಗಂಡನದು, ಮಗು ಇರುವುದು ಇನ್ನೊಂದು ತಾಲ್ಲೂಕಿನಲ್ಲಿ. ದಾಖಲಿಸುವಾಗಲೇ ತವರಿನ ಊರು, ಅಲ್ಲಿನ ಒಂದು ಫೋನ್ ನಂಬರು, ಅಲ್ಲಿನ ಆಶಾ ಕಾರ್ಯಕರ್ತೆಯ ಸಂಪರ್ಕ ಮೂರನ್ನೂ ಬರೆದುಕೊಳ್ಳದ ಅಧ್ಯಯನ ಸೋರುತ್ತದೆ. ಸೋರಿದವರಲ್ಲಿ ಸತ್ತ ಮಕ್ಕಳೇ ಹೆಚ್ಚಿರಬಹುದು ಎಂಬುದನ್ನು ಮರೆಯಬಾರದು. ದುಃಖದಲ್ಲಿರುವ ಮನೆಯವರು ಫೋನ್ ಎತ್ತುವುದಿಲ್ಲ.

ಹಾಗಾದರೆ ಮೂರು ವರ್ಷದ ಪಿಜಿಯಲ್ಲಿ ಏನು ಮಾಡಬಹುದು? ಮೊದಲು, ಏನು ಮಾಡಲಾಗದು ಎಂದು ಲೆಕ್ಕ ಹಾಕಿ. ಎರಡು ಗುಂಪುಗಳ ನಡುವಿನ ವ್ಯತ್ಯಾಸ ಹಿಡಿಯಲು ಗುಂಪಿಗೆ ಎಷ್ಟು ಜನ ಬೇಕೆಂಬ ಒರಟು ಸೂತ್ರ: 16ನ್ನು, ಸರಾಸರಿ ಪ್ರಮಾಣದಿಂದಲೂ, ಒಂದರಲ್ಲಿ ಆ ಪ್ರಮಾಣ ಕಳೆದು ಉಳಿದದ್ದರಿಂದಲೂ ಗುಣಿಸಿ, ವ್ಯತ್ಯಾಸದ ವರ್ಗದಿಂದ ಭಾಗಿಸಿ. ಸಾವು 23.5%ರಿಂದ 19.6%ಕ್ಕೆ ಇಳಿಯುವುದನ್ನು ಹಿಡಿಯಲು ಇದು ಗುಂಪಿಗೆ ಸುಮಾರು 1,800 ಎನ್ನುತ್ತದೆ. ನೂರು ಜನರ ಥೀಸಿಸ್‌ನಲ್ಲಿ ‘ಶಿಶುಮರಣದ ಮೇಲೆ ಪರಿಣಾಮ’ ಎಂದು ಶೀರ್ಷಿಕೆ ಇಟ್ಟರೆ ಫಲಿತಾಂಶ ಬರುವ ಮೊದಲೇ ಬೆಲೆಯಿಲ್ಲದ್ದು.

ನೂರೈವತ್ತು ಜನರಲ್ಲಿ ಚೆನ್ನಾಗಿ ಅಳೆಯಬಹುದಾದವು ಬೇರೆ ಇವೆ, ಅವು ಬೇಕಾದವೂ ಹೌದು. ನಿಮ್ಮ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಎಷ್ಟು ಜನ 7 ದಿನದೊಳಗೆ ಹೆತ್ತರು? ಮೊದಲ ಡೋಸ್‌ನಿಂದ ಹೆರಿಗೆಗೆ ಎಷ್ಟು ಗಂಟೆ? ನಾಲ್ಕೂ ಡೋಸ್ ಎಷ್ಟು ಜನರಿಗೆ ಮುಗಿಯಿತು, ಮುಗಿಯದಿದ್ದರೆ ಯಾಕೆ? ತಾಯಿ ಕಾರ್ಡಿನಲ್ಲಿರುವ ಮುಟ್ಟಿನ ದಿನಕ್ಕೂ ಮೊದಲ ಮೂರು ತಿಂಗಳ ಸ್ಕ್ಯಾನಿಗೂ ಎಷ್ಟು ದಿನದ ಅಂತರ? ಮೊದಲ ಮೂರು ತಿಂಗಳಲ್ಲಿ ಭ್ರೂಣದ ಉದ್ದ ಅಳೆದರೆ ತಪ್ಪು ಐದಾರು ದಿನ. ಏಳನೇ ತಿಂಗಳು ದಾಟಿದ ಮೇಲೆ ಮೊದಲ ಸಲ ಸ್ಕ್ಯಾನ್ ಮಾಡಿದರೆ ತಪ್ಪು ಮೂರು ವಾರದವರೆಗೂ ಹೋಗುತ್ತದೆ. 33 ವಾರ ಎಂದು ಬರೆದದ್ದು 30 ಇರಬಹುದು, 36 ಇರಬಹುದು. ಹೊಸ ಚಿಕಿತ್ಸೆ ಹೋಲಿಸುವ ಅಧ್ಯಯನವಾದರೆ ಎಥಿಕ್ಸ್ ಒಪ್ಪಿಗೆಯ ಜೊತೆಗೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಮೊದಲ ರೋಗಿ ಸೇರುವ ಮುನ್ನವೇ ಆಗಿರಬೇಕು. 2018ರ ಏಪ್ರಿಲ್‌ನಿಂದ ಆಮೇಲೆ ನೋಂದಾಯಿಸಲು ಬಿಡುವುದಿಲ್ಲ. ಥೀಸಿಸ್ ಒಪ್ಪಿಸುವ ವಾರದಲ್ಲಿ ಇದು ನೆನಪಾದರೆ ಪ್ರಕಟಿಸುವ ದಾರಿ ಮುಚ್ಚಿದಂತೆಯೇ.

ಇನ್ನು ವಾರ್ಡಿನ ಮಾತು. ನಮ್ಮ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಬೀಟಾಮೆಥಾಸೋನ್ ಬರೀ ಫಾಸ್ಫೇಟ್. ಲಿಗಿನ್ಸ್ ಬಳಸಿದ ಮಬ್ಬು ಮಿಶ್ರಣವಲ್ಲ. ಅದನ್ನು 24 ಗಂಟೆಗೊಮ್ಮೆ ಕೊಟ್ಟರೆ ನಡುವೆ ಔಷಧವೇ ಉಳಿಯದು. ಸರ್ಕಾರದ 2014ರ ಮಾರ್ಗಸೂಚಿ ಡೆಕ್ಸಮೆಥಾಸೋನ್ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ. 24ರಿಂದ 34 ವಾರ, ಮತ್ತು ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಎಎನ್‌ಎಂ ಕೂಡ ಮೊದಲ ಡೋಸ್ ಕೊಡಬಹುದು. ಪ್ರೆಡ್ನಿಸೊಲೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಮಾತ್ರೆ ಇದಕ್ಕೆ ಬದಲಿಯಲ್ಲ. ಮಾಸಿನಲ್ಲಿರುವ ಕಿಣ್ವ ಅದರ ಬಹುಪಾಲನ್ನು ನಿಷ್ಕ್ರಿಯಗೊಳಿಸುತ್ತದೆ, ಮಗುವಿಗೆ ತಲುಪುವುದು ಅತ್ಯಲ್ಪ. ಡೆಕ್ಸಮೆಥಾಸೋನನ್ನು ಬಾಯಿಗೆ ಕೊಡುವುದೂ ಬೇಡ. ಸೂಜಿಯ ಜೊತೆ ಹೋಲಿಸಿದ ಪ್ರಯೋಗದಲ್ಲಿ ಮಕ್ಕಳ ಸೋಂಕು, ಮಿದುಳಿನ ರಕ್ತಸ್ರಾವ ಹೆಚ್ಚಿದವು.

ಡೋಸ್ ಆದ ಮರುದಿನ ತಾಯಿಯ ಬಿಳಿ ರಕ್ತಕಣ ಏರುತ್ತದೆ. ಜ್ವರ, ನಾಡಿ, ವಾಸನೆಯ ಸ್ರಾವ ನೋಡದೆ ಬರೀ ಕೌಂಟ್ ನೋಡಿ ಸೋಂಕೆಂದು ಹೆರಿಗೆ ಮಾಡಿಸಬೇಡಿ. ಎರಡು ಮೂರನೇ ದಿನ ಮಗುವಿನ ಚಲನೆ ತಗ್ಗಬಹುದು, ಮಗುವಿನ ಎದೆಬಡಿತ ತೋರಿಸುವ ಎನ್‌ಎಸ್‌ಟಿ ಗೆರೆ ಸಪಾಟಾಗಬಹುದು. ನಾಲ್ಕೈದು ದಿನಕ್ಕೆ ಮೊದಲಿನಂತಾಗುತ್ತದೆ. ಇದನ್ನೇ ಅಪಾಯವೆಂದು ತಿಳಿದು 30 ವಾರದ ಮಗುವನ್ನು ಸಿಸೇರಿಯನ್ ಮಾಡಿ ತೆಗೆದರೆ ಸ್ಟೀರಾಯ್ಡ್ ಕೊಟ್ಟ ಉದ್ದೇಶವೇ ಕೆಟ್ಟಿತು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಸುಮಾರು 12 ಗಂಟೆಯಿಂದ ಏರತೊಡಗಿ ಐದು ದಿನದವರೆಗೂ ಕಾಡಬಹುದು. ಇನ್ಸುಲಿನ್ ಹೊಂದಿಸಲು ಸಿದ್ಧರಿಲ್ಲದೆ ಮೊದಲ ಸೂಜಿ ಹಾಕಬಾರದು. 34 ವಾರ ದಾಟಿದವರಿಗೆ ಧಾರಾಳವಾಗಿ ಕೊಡುವ ಅಭ್ಯಾಸಕ್ಕೂ ಬೆಲೆಯಿದೆ: 2016ರ ಅಮೆರಿಕದ ಪ್ರಯೋಗದಲ್ಲಿ ಉಸಿರಾಟದ ಆಸರೆ ಬೇಕಾದವರು 14.4%ರಿಂದ 11.6%ಕ್ಕೆ ಇಳಿದರು, ಆದರೆ ಮಕ್ಕಳಲ್ಲಿ ಸಕ್ಕರೆ ಕುಸಿತ 15%ರಿಂದ 24%ಕ್ಕೆ ಏರಿತು. ಗಂಟೆಗಂಟೆಗೆ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡುವವರಿಲ್ಲದ ಕಡೆ ಈ ವ್ಯಾಪಾರ ನಷ್ಟದ್ದು.

ಕಳಿಸುವ ಚೀಟಿಯಲ್ಲಿ ‘ಡೆಕ್ಸಾ ಕೊಡಲಾಗಿದೆ’ ಎಂದಷ್ಟೇ ಬರೆದರೆ ಮುಂದಿನವರಿಗೆ ಉಪಯೋಗವಿಲ್ಲ. ಎಷ್ಟು ಮಿಲಿಗ್ರಾಂ, ಯಾವ ದಿನ, ಎಷ್ಟು ಗಂಟೆಗೆ, ವಾರದ ಲೆಕ್ಕ ಯಾವುದರ ಮೇಲೆ (ಮುಟ್ಟು, ಮೊದಲ ಸ್ಕ್ಯಾನ್, ಕಡೆಯ ಸ್ಕ್ಯಾನ್), ನೀರು ಹೋಗಿದೆಯೇ, ಜ್ವರವಿದೆಯೇ: ಇಷ್ಟು ಇರಬೇಕು. ಗಂಟೆ ಬರೆಯದ ಚೀಟಿ ಬಂದಾಗ ಜಿಲ್ಲಾ ಆಸ್ಪತ್ರೆಯವರು ಮೊದಲಿನಿಂದ ಶುರುಮಾಡುತ್ತಾರೆ, ತಾಯಿಗೆ ಐದಾರು ಡೋಸ್ ಬೀಳುತ್ತದೆ.

ಸಂಶೋಧನೆಗೆ ಉಳಿದಿರುವ ಪ್ರಶ್ನೆಗಳಲ್ಲಿ ಡೋಸ್ ದೊಡ್ಡದು. 12 ಮಿಲಿಗ್ರಾಂ ಎರಡು ಸಲ ಎಂಬುದು ಡೋಸ್ ಹುಡುಕುವ ಪ್ರಯೋಗಗಳಿಂದ ಬಂದದ್ದಲ್ಲ. ಮೊದಲ ಪ್ರಯೋಗದಲ್ಲಿ ಬಳಸಿದ್ದೇ ಉಳಿದುಕೊಂಡಿತು. ಆಕ್ಲೆಂಡಿನಲ್ಲೇ ಇಮ್ಮಡಿ ಮಾಡಿ ನೋಡಿದ್ದಾಯಿತು. ಅರ್ಧ ಸಾಕೇ ಎಂದು ಫ್ರಾನ್ಸಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ತಾಯಂದಿರಲ್ಲಿ ನೋಡಿದರು; ವರದಿ 2022ರಲ್ಲಿ ಬಂತು. ಸರ್ಫ್ಯಾಕ್ಟೆಂಟ್ ಹಾಕಬೇಕಾದಷ್ಟು ತೀವ್ರ ತೊಂದರೆ ಪೂರ್ತಿ ಡೋಸ್‌ನವರಲ್ಲಿ 17.5%, ಅರ್ಧ ಡೋಸ್‌ನವರಲ್ಲಿ 20%. ಅರ್ಧ ಸಾಕು ಎನ್ನಲು ಆ ಅಂಕಿ ಬಿಡಲಿಲ್ಲ. ಹಾಗಾಗಿ ಸದ್ಯಕ್ಕೆ 6 ಮಿಲಿಗ್ರಾಂ, 1.5 ಎಂಎಲ್, 12 ಗಂಟೆಗೊಮ್ಮೆ, ನಾಲ್ಕು ಸಲ.